ಆತಕೂರಿನ ಕಾಳಿ, ನಮ್ಮನೆ ಕರಿಯ ಮತ್ತು ಒಂದು ತುಂಡು ಮೂಳೆ

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಅನ್ನೋ ಶನಿ ಹೆಗಲೇರಿ ಕೂತಿತ್ತು. ಅದು ಇಳಿದದ್ದು ಯುಗಾದಿಯ ಹಿಂದಿನ ದಿನ. ನಾಲ್ಕು ಬಟ್ಟೆ ಬ್ಯಾಗಿಗೆ ತುರುಕಿಕೊಂಡು ಮಂಡ್ಯದ ಬಸ್ ಹತ್ತಿದೆ.

ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳ್ತೀನಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಯುಗಾದಿಯ ಹೋಳಿಗೆ ಒಂದು ನೆಪ. ಅಸಲು ಹಬ್ಬ ಇರೋದು ಮಾರನೇ ದಿನ, ಹೊಸತೊಡಕಿನಲ್ಲಿ. ಅವತ್ತು ಬಾಡೂಟ. ಬೆಳಿಗ್ಗೆಯಿಂದಲೇ ಊರೆಲ್ಲಾ ಮಸಾಲೆಯ ಘಮ :-)

ಈ ಸಲ ಊಟ ಮುಗಿಯೋ ಹೊತ್ತಿಗೆ ಒಂದು ಸಣ್ಣ ಜಗಳ ಆಯ್ತು. ಎಲೆಯಲ್ಲಿದ್ದ ಮೂಳೆಗಳನ್ನೆಲ್ಲ ಅಜ್ಜಿ ಒಂದು ಪಾತ್ರೆಗೆ ಗುಡ್ಡೆ ಮಾಡಿಕೊಂಡು ಹಿತ್ತಲಿಗೆ ಹೊರಟಿದ್ದಳು. ಅಲ್ಲಿ ಗುಂಡ ಬಾಲ ಅಲ್ಲಾಡಿಸಿಕೊಂಡು ಕಾಯ್ತಾ ಇತ್ತು. ಗುಂಡ ನಮ್ಮನೆಯ ಹೊಸ ನಾಯಿಮರಿ. ನಾನು ಓಡಿ ಹೋಗಿ ಪಾತ್ರೆ ಕಿತ್ತುಕೊಂಡೆ.

"ಬಾಡ್ ತಿಂದ್ ಮೂಳೆ ನಾಯ್ಗಾಕ್ದೆ ಇನ್ಯಾರ್ಗಾಕದ್ಲಾ? ನಮ್ ಕಾಲ್ದಿಂದ್ಲೂ ಹಾಕೊಂಡೇ ಬಂದಿದೀವಿ. ಯಾವ್ ನಾಯ್ ಸತ್ತೋಯ್ತು?"

"ಒಂದ್ ಸತ್ತದಲ್ಲ ಅಜ್ಜಿ" ಅಂದೆ.

ಅಜ್ಜಿ ಸುಮ್ಮನಾದಳು. ಅಷ್ಟರಲ್ಲಿ ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಬಾಯಿ ಹಾಕಿದ. ಅವನ ಮನೆಯಲ್ಲಿ ಲ್ಯಾಬ್ರಡಾರ್ ಇದೆ. "ಬೆಂದ ಮೂಳೆ ತಪ್ಪು ಕಣೋ, ಹಸಿ ಮೂಳೆ ಹಾಕ್ಬೇಕು. ನಾಯಿ ಅಂದ್ರೆ ತೋಳ. ತೋಳ ಕುಕ್ಕರ್ ಇಟ್ಕೊಂಡು ಕೂತಿರುತ್ತಾ?" ಅಂದ. ಎಲ್ಲರೂ ನಕ್ಕರು.

ನಾನೂ ನಕ್ಕೆ. ಆದರೆ ವಾಪಸ್ಸು ಬಸ್ಸಿನಲ್ಲಿ ಬರುವಾಗ ಒಂದು ವಿಷಯ ತಲೆಗೆ ಹತ್ತಿತು. ಅಜ್ಜಿ ಹೇಳಿದ್ದೂ ಚರಿತ್ರೆ, ಅವನು ಹೇಳಿದ್ದೂ ಚರಿತ್ರೆ. ಒಬ್ಬರದು ನಮ್ಮೂರ ಚರಿತ್ರೆ, ಇನ್ನೊಬ್ಬನದು ಕಾಡಿನ ಚರಿತ್ರೆ. ಎರಡೂ ಎಷ್ಟರ ಮಟ್ಟಿಗೆ ನಿಜ? ಅದನ್ನು ನೋಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕಾಫಿ ತಗೊಂಡು ಕೂತ್ಕೊಳ್ಳಿ.

*

ನಮ್ಮ ಜಿಲ್ಲೆಯಲ್ಲಿ ನಾಯಿಯ ಚರಿತ್ರೆ ಅಂದ ಕೂಡಲೇ ಶುರು ಮಾಡಬೇಕಾದ್ದು ಮದ್ದೂರು ತಾಲ್ಲೂಕಿನ ಆತಗೂರಿನಿಂದ. ಶಾಸನದಲ್ಲಿ ಅದು ಆತುಕೂರು, ಪುಸ್ತಕಗಳಲ್ಲಿ ಆತಕೂರು. ಶಾಲೆಯ ಪಾಠದಲ್ಲಿ ತಕ್ಕೋಲಂ ಯುದ್ಧ ಅಂತ ಒಂದು ಸಾಲು ಓದಿರ್ತೀರಿ. ಕ್ರಿ.ಶ. 949ರಲ್ಲಿ ಇವತ್ತಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ ನಡೆದದ್ದು. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಅವನ ಜೊತೆ ನಿಂತ ಗಂಗರ ಇಮ್ಮಡಿ ಬೂತುಗ. ಇನ್ನೊಂದು ಕಡೆ ಚೋಳರ ರಾಜಾದಿತ್ಯ. ರಾಜಾದಿತ್ಯ ಆನೆಯ ಮೇಲೆಯೇ ಸತ್ತ. ಬೂತುಗನಿಗೆ ಬನವಾಸಿ, ಬೆಳ್ವೊಲ ಮುಂತಾದ ನಾಡುಗಳು ಸಿಕ್ಕವು.

ಬೂತುಗನ ಕಡೆ ಮಣಲೇರ ಅಂತ ಒಬ್ಬ ವೀರ ಇದ್ದ. ಯುದ್ಧದಲ್ಲಿ ಅವನ ಪರಾಕ್ರಮ ನೋಡಿದ ಅರಸ, ಮೆಚ್ಚಿದೆ, ಏನು ಬೇಕೋ ಬೇಡಿಕೋ ಅಂದ. ನೀವು ನಾನಾಗಿದ್ದರೆ ಏನು ಕೇಳ್ತಿದ್ದೆವು? ಊರು, ಚಿನ್ನ... ನಾನಾಗಿದ್ದರೆ ಒಂದು ಪ್ರಮೋಷನ್ :-) ಮಣಲೇರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಅರಸ ಕೊಟ್ಟ.

ಆಮೇಲೆ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ ಹಂದಿ ಎರಡೂ ಹೋರಾಡಿ ಸತ್ತವು. ಆ ನಾಯಿಗಾಗಿ ಆತುಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದರು. ನಾಯಿಯೂ ಹಂದಿಯೂ ಕಚ್ಚಾಡುವ ಚಿತ್ರ ಅದರ ಮೇಲೇ ಇದೆ. ಪೂಜೆಗಾಗಿ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತ ಕಟ್ಟುಪಾಡೂ ಹಾಕಿದರು. ಶಾಸನದ ವರ್ಷ ಶಕ 872. ಬಿ.ಎಲ್. ರೈಸ್ ಇದನ್ನು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಪ್ರಕಟಿಸಿದ. ಮೂಲ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಎಂಜಿನಿಯರಿಂಗ್ ಓದುವಾಗ ಕ್ಲಾಸಿಗೆ ಚಕ್ಕರ್ ಹಾಕಿ ಆ ಕಲ್ಲು ನೋಡಿ ಬಂದಿದ್ದೆ. ಆವಾಗ ಅನಿಸಿದ್ದು, ಸಾವಿರ ವರ್ಷದ ಹಿಂದೆಯೇ ನಮ್ಮವರು ಒಂದು ನಾಯಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದರಪ್ಪಾ ಅಂತ. ಈಗ ಅನಿಸೋದು ಬೇರೆ. ಆ ಕಲ್ಲು ಒಂದು ನಾಯಿಯ ಕಥೆ ಹೇಳುತ್ತೆ, ಗೆದ್ದು ಸತ್ತ ನಾಯಿಯ ಕಥೆ. ಹಿತ್ತಲಲ್ಲಿ, ತಿಪ್ಪೆಯ ಪಕ್ಕದಲ್ಲಿ, ಗಂಟಲಿಗೆ ಮೂಳೆ ಸಿಕ್ಕಿ ಸತ್ತ ನಾಯಿಗೆ ಯಾರೂ ಕಲ್ಲು ನೆಡಲ್ಲ. ಹಾಗಾಗಿ "ಯಾವ್ ನಾಯ್ ಸತ್ತೋಯ್ತು" ಅನ್ನೋ ಅಜ್ಜಿಯ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿ ಸಿಗೋದಿಲ್ಲ. ಲಾಗ್ ಫೈಲ್ ಇಲ್ಲ ಅಂದ ಮಾತ್ರಕ್ಕೆ ಎರರ್ ಆಗಿಲ್ಲ ಅಂತ ಅರ್ಥ ಅಲ್ಲವಲ್ಲ.

*

ಹಾಗಾದರೆ ನಾಯಿಗಳು ಏನು ತಿಂದು ಬದುಕಿದ್ದವು?

ಇಲ್ಲಿ ಚಿಕ್ಕಪ್ಪನ ಮಗನ ತೋಳಕ್ಕೆ ಮೊದಲ ಪೆಟ್ಟು ಬೀಳುತ್ತೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ನಾಯಿಗಳ ಆಟಕ್ಕೇ ಸಾರಮೇಯ ವಿನೋದ ಅಂತ ಒಂದು ಭಾಗ ಇದೆ. ಅಂದರೆ ಬೇಟೆನಾಯಿ ಸಾಕೋದು ನಮ್ಮಲ್ಲಿ ಅರಮನೆಯ ವಿದ್ಯೆಯೇ ಆಗಿತ್ತು. ಅರಮನೆಯ ಆಚೆಗೆ, ರೈತನ ಮನೆಯ ನಾಯಿಗೆ ಏನು ಹಾಕಬೇಕು ಅನ್ನೋದನ್ನು ಬರೆದಿಟ್ಟವನು ರೋಮಿನವನು, ಒಂದನೇ ಶತಮಾನದ ಕೊಲುಮೆಲ್ಲ. ಹೊಲ ಕಾಯುವ ನಾಯಿಗೆ ಬಾರ್ಲಿ ಹಿಟ್ಟನ್ನು ಹಾಲೊಡೆದ ನೀರಲ್ಲಿ ಕಲಸಿ ಹಾಕು, ಇಲ್ಲದಿದ್ದರೆ ರೊಟ್ಟಿಯನ್ನು ಅವರೆಯಂಥ ಕಾಳು ಬೇಯಿಸಿದ ಕಟ್ಟಿನಲ್ಲಿ ನೆನೆಸಿ ಉಗುರುಬೆಚ್ಚಗೆ ಹಾಕು ಅಂತ ಅವನ ಕೃಷಿ ಪುಸ್ತಕ ಹೇಳುತ್ತೆ. ಓದಿದಾಗ ನನಗೆ ನಗು ಬಂತು. ಇದು ನಮ್ಮ ಮನೆಯದೇ ಅಡುಗೆ ಅಲ್ವಾ! ರಾಗಿ ಅಂಬಲಿಗೆ ಮಜ್ಜಿಗೆ, ತಂಗಳು ಮುದ್ದೆಗೆ ಹುರುಳಿ ಕಟ್ಟು. ನಮ್ಮ ಕಡೆ ನಾಯಿ ಬೆಳೆದದ್ದೇ ಇದರಲ್ಲಿ.

ಇದಕ್ಕೆ ನಾಯಿಯ ಮೈಯಲ್ಲೇ ಸಾಕ್ಷಿ ಇದೆ. 2013ರಲ್ಲಿ ಸ್ವೀಡನ್ನಿನ ಎರಿಕ್ ಅಕ್ಸೆಲ್ಸನ್ ಮತ್ತು ಸಂಗಡಿಗರು ನಾಯಿ ಮತ್ತು ತೋಳಗಳ ಜೀನ್‌ಗಳನ್ನು ಹೋಲಿಸಿ ನೇಚರ್ ಪತ್ರಿಕೆಯಲ್ಲಿ ಬರೆದರು. ಹಿಟ್ಟಿನ ಪದಾರ್ಥ ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇತ್ತಂತೆ. ಅಂದರೆ ಮನುಷ್ಯ ಬೇಸಾಯ ಕಲಿತು ಗಂಜಿ ಕುಡಿಯೋಕೆ ಶುರು ಮಾಡಿದ ಮೇಲೆ ಪಕ್ಕದಲ್ಲಿ ಕೂತಿದ್ದ ನಾಯಿಯೂ ಗಂಜಿ ಕುಡಿಯೋದು ಕಲಿತಿದೆ. ತೋಳಕ್ಕೆ ಕುಕ್ಕರ್ ಇರಲಿಲ್ಲ, ಒಪ್ಪಿದೆ. ನಾಯಿಗೆ ಸಾವಿರಾರು ವರ್ಷದಿಂದ ನಮ್ಮ ಒಲೆ ಇದೆ.

*

ಮೂಳೆ ಸಿಗ್ತಿರಲಿಲ್ವಾ? ಸಿಗ್ತಿತ್ತು. ಹೇಗೆ ಸಿಗ್ತಿತ್ತು ಅನ್ನೋದು ಮುಖ್ಯ.

ನಮ್ಮ ಕಡೆ ಹೊಸತೊಡಕಿಗೆ ಗುಡ್ಡೆ ಬಾಡು ಹಾಕ್ತಾರೆ. ಒಂದಷ್ಟು ಮನೆಯವರು ದುಡ್ಡು ಸೇರಿಸಿ ಕುರಿ ತಂದು, ಕೊಯ್ದು, ಎಲೆಗಳ ಮೇಲೆ ಸಮನಾಗಿ ಗುಡ್ಡೆ ಮಾಡಿ ಹಂಚಿಕೊಳ್ಳೋದು. ತಲೆ, ಕಾಲು, ಈಲಿ, ಬೋಟಿ, ಎಲ್ಲದರಲ್ಲೂ ಎಲ್ಲರಿಗೂ ಪಾಲು. ಕುರಿ ಬಂಡೂರಿನದಾದರೆ ಕೇಳಲೇಬೇಡಿ. ಮಳವಳ್ಳಿ ತಾಲ್ಲೂಕಿನ ಬಂಡೂರು ಅನ್ನೋ ಊರಿನ ಹೆಸರಿನ ತಳಿ ಅದು. ಗಿಡ್ಡ, ದುಂಡಗೆ, ಹಿಂದಿನಿಂದ ನೋಡಿದರೆ ತಿರುಗಿಸಿಟ್ಟ ಲಾಳದ ಹಾಗೆ. ಮಾಂಸದ ಎಳೆಯ ನಡುವೆ ಕೊಬ್ಬು ಹೆಣೆದುಕೊಂಡಿರುತ್ತೆ, ರುಚಿ ಅದರಿಂದಲೇ. ಆ ತಳಿ ಉಳಿಸೋಕೆ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರವೇ ಇದೆ.

ಗುಡ್ಡೆ ಹಾಕೋ ಜಾಗದಲ್ಲಿ ಊರ ನಾಯಿಗಳಿಗೆ ಅಷ್ಟಿಷ್ಟು ಹಸಿ ಚೂರು ಸಿಗ್ತಿತ್ತು. ಮಧ್ಯಾಹ್ನ ಎಲೆಯ ಮೇಲಿನ ಬೆಂದ ಮೂಳೆ ಸಿಗ್ತಿತ್ತು. ಅಂದರೆ ನಮ್ಮೂರ ನಾಯಿ ಹಸಿಯದನ್ನೂ ತಿಂದಿದೆ, ಬೆಂದದ್ದನ್ನೂ ತಿಂದಿದೆ. ಆದರೆ ಅದು ವರ್ಷಕ್ಕೆ ಎಷ್ಟು ಸಲ? ಹೊಸತೊಡಕು, ಮಾರಿಹಬ್ಬ, ಪಿತೃಪಕ್ಷ, ಮಧ್ಯೆ ಒಂದು ಬೀಗರೂಟ. ಉಳಿದ ದಿನವೆಲ್ಲ ಮುದ್ದೆ.

ಇನ್ನೊಂದು ವಿಷಯ. ಬೆಂದ ಮೂಳೆಯನ್ನು ನಾಯಿ ಹೇಗೆ ತಿನ್ನುತ್ತೆ ಅನ್ನೋದನ್ನು ಒಬ್ಬ ವಿಜ್ಞಾನಿ ಲೆಕ್ಕ ಹಾಕಿದ್ದ. ಸಿ.ಕೆ. ಬ್ರೇನ್ ಅಂತ. 1960ರ ದಶಕದಲ್ಲಿ ಆಫ್ರಿಕಾದ ನಮೀಬಿಯಾದ ಕುಯ್ಸೆಬ್ ನದಿಯ ದಂಡೆಯ ಹಳ್ಳಿಗಳಲ್ಲಿ ಜನ ಆಡು ಬೇಯಿಸಿ ತಿಂದು ಬಿಸಾಡಿದ ಮೂಳೆಗಳನ್ನು ಒಂದೊಂದಾಗಿ ಆಯ್ದು ಎಣಿಸಿದ. ಅವನಿಗೆ ಬೇಕಿದ್ದದ್ದು ಆದಿಮಾನವರ ಗುಹೆಗಳಲ್ಲಿ ಕೆಲವು ಮೂಳೆ ಮಾತ್ರ ಯಾಕೆ ಉಳಿದಿರುತ್ತವೆ ಅನ್ನೋ ಪ್ರಶ್ನೆಗೆ ಉತ್ತರ. ಸಿಕ್ಕಿದ್ದು ಇದು: ಮುಂಗಾಲಿನ ಮೇಲ್ಮೂಳೆಯಲ್ಲಿ ಮೊಣಕೈ ಕಡೆಯ ಗಟ್ಟಿ ತುದಿ ಧಾರಾಳ ಉಳಿದಿತ್ತು, ಭುಜದ ಕಡೆಯ ಮೆದು ತುದಿ ಕಾಣೆಯಾಗಿತ್ತು. ಕಾರಣ, ಜನ ತಿಂದ ಮೇಲೆ ಅದನ್ನು ಕಡಿದವು ಹಳ್ಳಿಯ ನಾಯಿಗಳು. ಸ್ಪಂಜಿನಂಥ ಮೆದು ತುದಿಯನ್ನು ಅಗಿದು ತಿಂದು, ಗಟ್ಟಿಯದನ್ನು ಬಿಟ್ಟು ಹೋಗಿದ್ದವು.

ನಮ್ಮ ಅಡುಗೆಮನೆಗೆ ಇದನ್ನು ಹೊಂದಿಸಿ ನೋಡಿ. ಇಡೀ ಮೂಳೆ ಸಿಕ್ಕಿದರೆ ನಾಯಿಗೆ ಆಯ್ಕೆ ಇರುತ್ತೆ. ನಾವು ಅದಕ್ಕೆ ಆಯ್ಕೆಯೇ ಕೊಡಲ್ಲ. ನಮ್ಮ ಸಾರಿಗೆ ಬಾಡು ತುಂಡು ಮಾಡೋದು ಮಚ್ಚಿನಲ್ಲಿ, ಮೂಳೆ ಸಮೇತ, ಒಂದು ತುತ್ತಿಗೆ ಒಂದು ತುಂಡು. ಚೂಪು ಅಂಚು ಅಲ್ಲೇ ತಯಾರು. ಸೈಜೂ ನಾಯಿ ಅಗಿಯದೆ ನುಂಗೋಕೆ ಹೇಳಿ ಮಾಡಿಸಿದ ಹಾಗೆ. ಪಕ್ಕದಲ್ಲಿ ಇನ್ನೊಂದು ನಾಯಿ ಇದ್ದರಂತೂ ಅಗಿಯೋ ಮಾತೇ ಇಲ್ಲ.

ಮತ್ತೆ, ವರ್ಷಕ್ಕೆ ನಾಲ್ಕು ಸಲ ಇದ್ದದ್ದು ಈಗ ಭಾನುವಾರ ಭಾನುವಾರ. ಬ್ರಾಯ್ಲರ್ ಕೋಳಿ ಬಂದ ಮೇಲೆ ವಾರದ ಮಧ್ಯೆಯೂ ಉಂಟು. ಕಬಾಬು, ತಂದೂರಿ, ಗ್ರಿಲ್... ಅಜ್ಜಿ ಹೇಳೋ 'ನಮ್ ಕಾಲ' ಇದಲ್ಲ.

*

ಬೇಯಿಸಿದರೆ ಮೂಳೆಗೆ ಏನಾಗುತ್ತೆ? ಮೂಳೆ ಅಂದರೆ ಆರ್‌ಸಿಸಿ ಕಟ್ಟಡ ಇದ್ದ ಹಾಗೆ ಅಂದುಕೊಳ್ಳಿ. ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಕ್ಯಾಲ್ಸಿಯಂ ಫಾಸ್ಫೇಟಿನ ಖನಿಜ, ಅದು ಸಿಮೆಂಟು. ಉಳಿದದ್ದರಲ್ಲಿ ಬಹುಪಾಲು ಕೊಲಾಜನ್ ಅನ್ನೋ ನಾರು, ಅದು ಕಂಬಿ. ಸಿಮೆಂಟಿನಿಂದ ಗಟ್ಟಿತನ, ಕಂಬಿಯಿಂದ ಬಾಗುವ ಗುಣ. ನೀರಲ್ಲಿ ಕುದಿಸಿದರೆ ಕೊಲಾಜನ್ ಜೆಲಾಟಿನ್ ಆಗಿ ಕರಗಿ ಆಚೆ ಬರುತ್ತೆ. ಕಾಲು ಸೂಪು ಕುಡಿದಾಗ ತುಟಿ ಅಂಟಂಟಾಗುತ್ತಲ್ಲ, ಅದೇ ಇದು. ಸೂಪಿಗೆ ಬಂದದ್ದು ಕಂಬಿ, ಮೂಳೆಯಲ್ಲಿ ಉಳಿದದ್ದು ಬರೀ ಸಿಮೆಂಟು! ಸುಟ್ಟಾಗ, ಹುರಿದಾಗ ನೀರಿನಂಶವೂ ಹೋಗಿ ಇನ್ನೂ ಕೆಡುಕು. ಹಸಿ ಮೂಳೆ ಸ್ವಲ್ಪ ಬಾಗಿ ಆಮೇಲೆ ಮುರಿಯುತ್ತೆ. ಬೆಂದದ್ದು ಗಾಜಿನ ಹಾಗೆ ಚೂರಾಗುತ್ತೆ. ಗಂಟಲು, ಅನ್ನನಾಳ, ಕರುಳು, ಎಲ್ಲಿ ಬೇಕಾದರೂ ಚುಚ್ಚಬಹುದು. ಕುಕ್ಕರಿನಲ್ಲಿ ಬಹಳ ಹೊತ್ತು ಬೆಂದು ಕೈಯಲ್ಲೇ ಪುಡಿಯಾಗುವ ಮೂಳೆ ಚುಚ್ಚದೇ ಇರಬಹುದು, ಆದರೆ ಆ ಪುಡಿ ಕರುಳಲ್ಲಿ ಗಾರೆಯ ಹಾಗೆ ಕಟ್ಟಿಕೊಂಡು ಮಲಬದ್ಧತೆ ಮಾಡುತ್ತೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತ್ತು. ಅಂಗಡಿಯಲ್ಲಿ ನಾಯಿಗೆ ಅಂತಲೇ ಮಾರುವ, ಒಣಗಿಸಿದ ಅಥವಾ ಹೊಗೆಯಲ್ಲಿ ಹದ ಮಾಡಿದ ಮೂಳೆಗಳ ಬಗ್ಗೆ. 2010ರ ಕೊನೆಯಿಂದ 2017ರವರೆಗೆ ಸುಮಾರು 68 ದೂರು ಬಂದಿದ್ದವು, 15 ನಾಯಿಗಳು ಸತ್ತಿದ್ದವು ಅಂತ ಅದರಲ್ಲಿದೆ. ಅದು ದೂರು ಕೊಟ್ಟವರ ಲೆಕ್ಕ ಮಾತ್ರ. ನಮ್ಮ ಕಡೆ ನಾಯಿ ಸತ್ತರೆ ಯಾರು ಯಾರಿಗೆ ದೂರು ಕೊಡ್ತಾರೆ?

ಹಾಗಾದರೆ ಹಸಿ ಮೂಳೆ? ಈ ಹಸಿ ವಾದಕ್ಕೂ ಚರಿತ್ರೆ ಇದೆ, ಬಹಳ ಹಳೆಯದಲ್ಲ. 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಅನ್ನೋ ಅಮೆರಿಕದವನು ನಾಯಿ ಬಿಸ್ಕತ್ತು ಮಾರೋಕೆ ಶುರು ಮಾಡಿದ. ಅಲ್ಲಿಂದ ನಾಯಿಯ ಊಟ ಪ್ಯಾಕೆಟ್ಟಿಗೆ ಬಂತು. ಆ ಪ್ಯಾಕೆಟ್ಟಿಗೆ ಎದುರಾಗಿ 1993ರಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಒಂದು ಪುಸ್ತಕ ಬರೆದು ಹಸಿ ಮಾಂಸ, ಹಸಿ ಮೂಳೆಯೇ ನಾಯಿಯ ನಿಜವಾದ ಆಹಾರ ಅಂದ. ನಮ್ಮ ಚಿಕ್ಕಪ್ಪನ ಮಗನ ತೋಳ ಹುಟ್ಟಿದ್ದು ಕಾಡಿನಲ್ಲಲ್ಲ, ಹೆಚ್ಚೂ ಕಡಿಮೆ ಆ ಪುಸ್ತಕದಲ್ಲಿ.

ಹಸಿ ಮೂಳೆ ಬೆಂದದ್ದರಷ್ಟು ಸಿಡಿದು ಚೂರಾಗಲ್ಲ ಅನ್ನೋದು ನಿಜ. ನಾಯಿಯ ಹೊಟ್ಟೆಯ ಆಸಿಡ್ ಅದನ್ನು ಸ್ವಲ್ಪ ಮಟ್ಟಿಗೆ ಕರಗಿಸುತ್ತೆ ಅನ್ನೋದೂ ನಿಜ. ಆದರೆ ಸೇಫ್ ಅಂತ ಅಲ್ಲ. ದನದ ತೊಡೆಮೂಳೆಯಂಥ ಗಟ್ಟಿಯದನ್ನು ಕಡಿದು ದವಡೆ ಹಲ್ಲು ಸೀಳಿಕೊಳ್ಳುತ್ತವೆ. ದೊಡ್ಡ ತುಂಡು ನುಂಗಿದರೆ ಹಸಿಯದೂ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತೆ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಆ ನಾಯಿ ಮುಖ ನೆಕ್ಕೋದು ಮನೆಯ ಮಗುವಿನದು. ಕುರಿಯ ಈಲಿ, ಶ್ವಾಸಕೋಶವನ್ನು ಹಸಿಯಾಗಿ ಹಾಕೋದಂತೂ ಬೇಡವೇ ಬೇಡ. ಅದರಿಂದ ನಾಯಿಗೆ ಒಂದು ಜಾತಿಯ ಲಾಡಿಹುಳು ಬಂದು, ನಾಯಿಯಿಂದ ಮನುಷ್ಯರಿಗೆ ಹೈಡಾಟಿಡ್ ಗಂಟು ಬರುತ್ತೆ. ಐಸ್‌ಲ್ಯಾಂಡ್ ಅನ್ನೋ ಕುರಿಗಳ ದೇಶ ಹತ್ತೊಂಬತ್ತನೇ ಶತಮಾನದಲ್ಲಿ ಈ ರೋಗದಿಂದ ತತ್ತರಿಸಿ, ಕುರಿ ಕೊಯ್ದ ಕಸ ನಾಯಿಗೆ ಸಿಗದ ಹಾಗೆ ಮಾಡಿ ಅದನ್ನು ಗೆದ್ದಿತು.

ಒಟ್ಟಿನಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಬೆಂದ ಮೂಳೆ, ಕುರಿಯದಾಗಲಿ ಕೋಳಿಯದಾಗಲಿ ಮೀನಿನದಾಗಲಿ, ಬೇಡ. ಹಸಿಯದು ಅದಕ್ಕಿಂತ ಕಡಿಮೆ ಅಪಾಯ ಅಷ್ಟೇ, ಅಪಾಯ ಇಲ್ಲ ಅಂತಲ್ಲ. ಹಾಕಲೇಬೇಕು ಅನ್ನೋರು ನಿಮ್ಮ ಪಶುವೈದ್ಯರನ್ನು ಕೇಳಿ, ಎದುರಿಗೇ ಕೂತು ನೋಡಿಕೊಂಡು ಹಾಕಿ.

*

ಇಷ್ಟೆಲ್ಲ ಓದೋಕೆ ಕಾರಣ ಕರಿಯ.

2022ರ ಹೊಸತೊಡಕು. ಯುಗಾದಿ ಶನಿವಾರ, ಹೊಸತೊಡಕು ಭಾನುವಾರ. ಕರಿಯನಿಗೆ ಆವಾಗ ಐದು ವರ್ಷ. ಬೀದಿಯಿಂದ ತಂದ ನಾಯಿ, ಕಾಳಿಯ ಹಾಗೆ ಹಂದಿ ಹಿಡಿಯೋದಿರಲಿ, ಹಲ್ಲಿ ಕಂಡರೂ ಹಿಂದಕ್ಕೆ ಬರ್ತಿತ್ತು. ಊಟ ಮುಗಿಸಿ ನನ್ನ ತಟ್ಟೆಯಲ್ಲಿದ್ದ ಪಕ್ಕೆಮೂಳೆಗಳನ್ನು ನಾನೇ ನನ್ನ ಕೈಯಾರೆ ಹಾಕಿದೆ. ಹಬ್ಬ ಅಲ್ವಾ, ಅದಕ್ಕೂ ಹಬ್ಬ ಆಗಲಿ ಅಂತ. ಎರಡು ನಿಮಿಷದಲ್ಲಿ ಖಾಲಿ.

ಮಾರನೇ ದಿನ ಮುದ್ದೆ ಮೂಸಿ ಬಿಟ್ಟಿತು. ಹೊಟ್ಟೆ ತುಂಬಿರಬೇಕು ಅಂದುಕೊಂಡ್ವಿ. ಜೊಲ್ಲು ಸುರೀತಿತ್ತು, ಬಿಸಿಲು ಅಂದುಕೊಂಡ್ವಿ. ಯಾರೋ ಹೇಳಿದರು ಅಂತ ಬಾಳೆಹಣ್ಣು ತಿನ್ನಿಸಿದ್ವಿ, ಮೂಳೆ ಏನಾದರೂ ಸಿಕ್ಕಿದ್ದರೆ ಕೆಳಗೆ ಹೋಗಲಿ ಅಂತ. ಅದೂ ತಪ್ಪು, ಹಾಗೆ ಮಾಡಿದರೆ ಚೂರು ಇನ್ನೂ ಆಳಕ್ಕೆ ಚುಚ್ಚಿಕೊಳ್ಳಬಹುದು. ಮಂಗಳವಾರ ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡಿತ್ತು. ಆಗ ಆಟೋದಲ್ಲಿ ಹಾಕಿಕೊಂಡು ಓಡಿದ್ವಿ. ಡಾಕ್ಟ್ರು ಎಕ್ಸ್‌ರೇ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಉಗುರಿನಷ್ಟು ಉದ್ದದ ಒಂದು ಬಿಳಿ ಗೆರೆ. ಆಪರೇಷನ್ ಮಾಡಿದರು. ಕರುಳು ತೂತಾಗಿ ಒಳಗೆಲ್ಲ ಸೋಂಕು ಹರಡಿತ್ತು. ಗುರುವಾರ ಬೆಳಗಿನ ಜಾವ ಹೋಯ್ತು.

"ಎರಡ್ ದಿನ ಮುಂಚೆ ಬಂದಿದ್ರೆ ನೋಡ್ಬೋದಿತ್ತು" ಅಂದರು ಡಾಕ್ಟ್ರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಪ್ಪ ಇವತ್ತಿಗೂ ಅದರ ಆಯಸ್ಸು ಅಷ್ಟೇ ಇತ್ತು ಅಂತಾರೆ. ನನ್ನ ಸಮಾಧಾನಕ್ಕೆ ಹೇಳ್ತಾರೆ ಅಂತ ಗೊತ್ತು. ದಯವಿಟ್ಟು ನೀವು ನೆನಪಿಟ್ಟುಕೊಳ್ಳಿ: ಮೂಳೆ ತಿಂದ ನಾಯಿ ಊಟ ಬಿಟ್ಟರೆ, ಓಕರಿಸಿದರೆ, ಜೊಲ್ಲು ಸುರಿಸಿದರೆ, ಮುಕ್ಕರಿದರೂ ಮಲ ಬರದಿದ್ದರೆ ಅಥವಾ ರಕ್ತ ಬಂದರೆ ಕಾಯಬೇಡಿ. ಎಣ್ಣೆ ಕುಡಿಸಬೇಡಿ, ಅನ್ನದ ಉಂಡೆ ನುಂಗಿಸಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

*

ಈಗ ಗುಂಡನಿಗೆ ಏನು ಹಾಕ್ತೀವಿ ಅಂತ ಕೇಳ್ತೀರೇನೋ. ರಾಗಿ ಮುದ್ದೆ, ಸ್ವಲ್ಪ ಮೊಸರು, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಬಾಡು. ಹಬ್ಬದ ದಿನ ಮಸಾಲೆ ಹಾಕೋಕೆ ಮುಂಚೆ, ಈರುಳ್ಳಿ ಬೀಳೋಕೆ ಮುಂಚೆ (ಈರುಳ್ಳಿ ನಾಯಿಗೆ ವಿಷ), ಮೂಳೆ ಬೆಂದ ನೀರನ್ನು ಸೋಸಿ ಮುದ್ದೆಗೆ ಹಾಕ್ತೀವಿ. ಕಂಬಿ ಅದಕ್ಕೆ, ಸಿಮೆಂಟು ಬೇಡ. ನೋಡಿದರೆ ಇದು ಅಜ್ಜಿಯ ಹಳೆಯ ಅಂಬಲಿಯೇ. ಅಜ್ಜಿ ವರ್ಷದ ಮುನ್ನೂರ ಅರವತ್ತು ದಿನ ಸರಿಯಾಗಿಯೇ ಇದ್ದಳು, ತಪ್ಪಾದದ್ದು ಆ ನಾಲ್ಕೈದು ದಿನ ಮಾತ್ರ ಅಂತ ಅವಳಿಗೆ ಹೇಳಿದೆ. ಖುಷಿಯಾದಳು.

ಆವತ್ತು ಕಿತ್ತುಕೊಂಡ ಪಾತ್ರೆಯ ಮೂಳೆಗಳನ್ನು ನಾನು ಹಿತ್ತಲಿನ ತೆಂಗಿನ ಬುಡದಲ್ಲಿ ಹೂಳಿದೆ. ಗೊಬ್ಬರ ಆಗಲಿ ಅಂತ. ಅರ್ಧ ಗಂಟೆ ಬಿಟ್ಟು ನೋಡಿದರೆ ಗುಂಡ ಅಲ್ಲೇ ಮಣ್ಣು ಕೆದರ್ತಾ ಇದೆ! ಮತ್ತೆ ಆಳಕ್ಕೆ ಅಗೆದು ಮುಚ್ಚುವಾಗ ಅಜ್ಜಿಯೇ ಬಂದಳು. ಒಗೆಯೋ ಕಲ್ಲಿನ ಹತ್ತಿರ ಬಿದ್ದಿದ್ದ ಒಂದು ಚಪ್ಪಡಿ ತೋರಿಸಿ, "ಅದ್ನ ಎತ್ತಿ ಮೇಲಕ್ಕಿಕ್ಲಾ, ಮುಂಡೇದು ತಿರ್ಗಾ ಕೆರ್ದಾತು" ಅಂದಳು.

ಎತ್ತಿ ಇಟ್ಟೆ.

ನಿಮ್ಮ ಮನೆಯ ನಾಯಿ ಏನು ತಿನ್ನುತ್ತೆ? ನಿಮ್ಮೂರ ಕಡೆ ನಾಯಿಯ ವೀರಗಲ್ಲು ಏನಾದರೂ ಇದೆಯಾ? ಗೊತ್ತಿದ್ದರೆ ಕಾಮೆಂಟಿನಲ್ಲಿ ಬರೆಯಿರಿ. ಆತಗೂರಿಗೆ ಒಂದು ಭಾನುವಾರ ಹೋಗಿ ಬರೋ ಯೋಚನೆ ಇದೆ, ಜೊತೆಗೆ ಬರೋರಿದ್ದರೆ ಹೇಳಿ.